ಒಂದು ಸೆಂಟಿನ ಐದು ನಾಣ್ಯ

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಮೌನೇಶನೆಂಬ ಶಿಷ್ಯನಿದ್ದ. ಕಾವಿ ಉಡುವ ಮೊದಲು ತಾಮ್ರದ ಕೊಡ ಬಡಿಯುತ್ತಿದ್ದವನು. ಅಂದು ಸಂಜೆ ಅವನ ಮೊದಲ ಪ್ರವಚನ. ವಿಷಯ, ಕ್ಷಮೆ.

ಜನ ಸೇರುತ್ತಿದ್ದರು. ಮೌನೇಶ ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು ಗುರುಗಳ ಮುಂದೆ ಬಂದು ನಿಂತ.

"ಅಜ್ಜಾರ, ನಾ ಹೊಂಟೀನ್ರಿ."

"ಯಾಕಪಾ?"

ಅವನು ಅಂಗೈ ಬಿಚ್ಚಿ ತೋರಿಸಿದ. ಅಮೆರಿಕದ ಭಕ್ತರೊಬ್ಬರು ಬಿಟ್ಟುಹೋಗಿದ್ದ ಒಂದು ಸೆಂಟಿನ ಐದು ನಾಣ್ಯಗಳಲ್ಲಿ ಒಂದು. ಕಸುಬಿನ ಚಾಳಿ ಎಲ್ಲಿ ಬಿಡುತ್ತದೆ? ತಾಮ್ರ ಕಂಡದ್ದೇ ತಡ, ಕಲ್ಲಿಗೆ ತಿಕ್ಕಿ ನೋಡಿದ್ದ. ಒಂದು ಮುಖ ಪೂರ್ತಿ ಬೆಳ್ಳಗಾಗಿತ್ತು.

"ಮ್ಯಾಲ ತೆಳ್ಳನ ತಾಮ್ರ, ಒಳಗೆಲ್ಲ ಸತುವು. ನಾನೂ ಹಂಗೇ ಅದೀನ್ರಿ. ಮ್ಯಾಲ ಕಾವಿ, ಒಳಗ ತಮ್ಮನ ಮ್ಯಾಲಿನ ಸಿಟ್ಟು. ಅಪ್ಪನ ಮಣ್ಣಿಗೂ ಬರಲಿಲ್ಲ ಅಂವ. ಹದಿನಾಕು ವರ್ಷ ಆತು. ಕ್ಷಮೆ ಅಂತ ಯಾವ ಬಾಯಿಲೆ ಹೇಳ್ಲಿ?"

ಗುರುಗಳು ಹಿಂದೆ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಸಮಾಧಾನ ಹೇಳುವ ಅಭ್ಯಾಸ ಅವರಿಗೆ ಆಗಲೂ ಇರಲಿಲ್ಲ.

"ಇನ್ನೂ ನಾಕು ತಿಕ್ಕು" ಎಂದರು.

ಮೌನೇಶ ತಿಕ್ಕಿದ.

ಗುರುಗಳು ಕಾಗದದ ಚೂರುಗಳನ್ನು ಉಪ್ಪು ಬೆರೆಸಿದ ನಿಂಬೆರಸದಲ್ಲಿ ಅದ್ದಿದರು. ನಾಣ್ಯ, ಕಾಗದ, ನಾಣ್ಯ, ಕಾಗದ ಎಂದು ಪೇರಿಸಿದರು. ಎಲ್ಲ ಬಿಳಿ ಮುಖಗಳೂ ಮೇಲಕ್ಕೆ. ಕೆಟ್ಟ ರೇಡಿಯೋದಿಂದ ಕಿತ್ತ ಪುಟ್ಟ ಎಲ್ಇಡಿ ದೀಪದ ಒಂದು ತಂತಿಯನ್ನು ಮೇಲಿನ ನಾಣ್ಯಕ್ಕೆ, ಇನ್ನೊಂದನ್ನು ಕೆಳಗಿನದಕ್ಕೆ ಮುಟ್ಟಿಸಿದರು.

ದೀಪ ಕೆಂಪಗೆ ಹೊತ್ತಿತು.

"ಈಗ ನಿನ್ನ ಅಪ್ಪಟ ತಾಮ್ರ ಇಡು."

ಮೌನೇಶನ ಚೀಲದಲ್ಲಿ ತಾಮ್ರದ ತಗಡಿನ ಚೂರುಗಳಿದ್ದವು. ನಡುನಡುವೆ ಅದೇ ಕಾಗದ ಇಟ್ಟು ಅವನ್ನೇ ಪೇರಿಸಿದ. ದೀಪ ಹೊತ್ತಲಿಲ್ಲ. ತಂತಿ ಒತ್ತಿ ಹಿಡಿದ. ಆಗಲೂ ಇಲ್ಲ.

"ಬರೇ ಸತುವು ಇಟ್ರ?"

"ಅದೂ ಹತ್ತಂಗಿಲ್ಲ."

ಮೌನೇಶ ತಿಕ್ಕಿದ ನಾಣ್ಯವೊಂದನ್ನು ಎತ್ತಿ ಎರಡೂ ಮುಖ ತಿರುಗಿಸಿ ನೋಡಿದ. ಆಮೇಲೆ ಚೀಲ ಕೆಳಗಿಟ್ಟ.

"ಏನಂತ ಸುರು ಮಾಡ್ಲಿ, ಅಜ್ಜಾರ?"

"ಯಾವ ಮುಖ ತಿಕ್ಕಿದಿ, ಅದನ್ನ ತೋರಿಸು."

ಅವನು ಹೋಗಿ ಜನರ ಮುಂದೆ ಕೂತ.

"ನನ್ನ ತಮ್ಮನ ಮ್ಯಾಲ ನನಗ ಇನ್ನೂ ಸಿಟ್ಟೈತಿ" ಎಂದ.

ಪಿಸುಮಾತುಗಳೆಲ್ಲ ನಿಂತವು. ಒಂದು ತಾಸು ಯಾರೂ ಅಲ್ಲಾಡಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಮುಚ್ಚುಮರೆಯಿಲ್ಲದೆ ಅತ್ತಳು. ಪ್ರವಚನ ಮುಗಿದರೂ ಜನ ಏಳಲೊಲ್ಲರು. ನಾಳೆಯೂ ನೀವೇ ಹೇಳಬೇಕೆಂದು ಹಟ ಹಿಡಿದರು.

ಮೌನೇಶ ಹೇಗೋ ಬಿಡಿಸಿಕೊಂಡು ಗುರುಗಳ ಬಳಿ ಓಡಿ ಬಂದ. ಅವನ ಸಂತೋಷ ಮುಖದಲ್ಲಿ ಹಿಡಿಸುತ್ತಿರಲಿಲ್ಲ.

"ಗೆದ್ದೆ, ಅಜ್ಜಾರ. ಇನ್ನ ನಾ ಎಲ್ಲಿಗೂ ಹೋಗಂಗಿಲ್ಲ."

ಗುರುಗಳು ಚೀಲ ಎತ್ತಿ ಅವನ ಹೆಗಲಿಗೆ ಹಾಕಿದರು.

"ಈಗ ಹೋಗು. ನಿನ್ನ ತಮ್ಮನ ಊರಿನ ಬಸ್ಸು ಏಳೂವರಿಗೆ ಐತಿ."