ಕೊನೆಯ ಪಂಕ್ತಿಯ ಹೋಳಿಗೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಇರುವುದರಲ್ಲೇ ಎಲ್ಲರಿಗೂ ಸಾಲುವಂತೆ ಊಟ ಹಾಕಲು ಲೆಕ್ಕ ಬಂದರೆ ಸಾಕಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಳೆಗಾರ್ತಿ ಇದ್ದಳು. ಮಗಳಿಗೆ ಗಂಡು ಗೊತ್ತಾಯಿತು. ಬೀಗರಿಗೆ ಊಟ ಹಾಕಬೇಕು. ಆ ಊರಿನಲ್ಲಿ ಊಟವಾದ ಮೇಲೆಯೇ ತಾಂಬೂಲ ಬದಲಾಯಿಸುವುದು. ಬೀಗರು ಮುನಿದು ಎದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು.

ಇಂಥ ಊಟಗಳನ್ನು ನೀನೂ ನೋಡಿದ್ದೀಯ. ಮೊದಲ ಪಂಕ್ತಿಯವರು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಏಳುತ್ತಾರೆ. ಕೊನೆಯ ಪಂಕ್ತಿಗೆ ಪಾತ್ರೆ ಕೆರೆಯುವ ಸದ್ದನ್ನು ಬಡಿಸುತ್ತಾರೆ. ಇದಕ್ಕೆ ಉಪಚಾರ ಎಂದು ಹೆಸರು.

ಅವಳ ಅಣ್ಣ ಹೇಳಿದ: "ಬೀಗರಿಗೆ ಹೋಳಿಗೆ ಮಾಡಿಸು. ಕೊನೆಯ ಪಂಕ್ತಿಯವರಿಗೆ ಅನ್ನ ಸಾರು ಸಾಕು. ಪಾತ್ರೆ ತೊಳೆಯೋರು ಬಂದು ಹೋಳಿಗೆ ಕೇಳ್ತಾರೇನೇ?"

"ಕೇಳಲ್ಲ ಅಣ್ಣ. ಕೇಳೋರಾಗಿದ್ದರೆ ನನಗೆ ಈ ಚಿಂತೆಯೇ ಇರ್ತಿರಲಿಲ್ಲ."

ಅವಳು ಎರಡು ಗೆರೆ ಹಾಕಿಕೊಂಡಳು. ಖರ್ಚು ಕೈಯಲ್ಲಿರುವ ಹಣವನ್ನು ಮೀರಬಾರದು. ಹೋಳಿಗೆ ಎಲೆಗಳಿಗಿಂತ ಕಡಿಮೆಯಾಗಬಾರದು. ಈ ಎರಡರ ನಡುವೆ ಏನು ಬೇಕಾದರೂ ಮಾಡಬಹುದು, ದಾಟಿ ಏನೂ ಮಾಡುವಂತಿಲ್ಲ. ಕರೆದದ್ದು ಎಂಬತ್ತು ಜನರನ್ನು. ನೀರು ಹೊರುವವರು, ಪಾತ್ರೆ ತೊಳೆಯುವವರೂ ಸೇರಿ ಅವಳು ನೂರು ಎಲೆ ಎಂದು ಹಿಡಿದಳು. ಎಲೆಗೆ ಎರಡು ಹೋಳಿಗೆ ಎಂದು ನೋಡಿದಳು, ಹಣ ಮೀರಿತು. ಒಂದಕ್ಕೆ ಇಳಿಸಿದಳು; ಆಗಲೂ ಮೀರಿತು. ಚಿರೋಟಿ ಬಿಟ್ಟಳು. ಎರಡನೆಯ ಪಲ್ಯ ಬಿಟ್ಟಳು. ತುಪ್ಪದ ಬದಲು ಕಾಯಿಹಾಲು ಇಟ್ಟಳು. ಆಗ ಖರ್ಚು ಗೆರೆಯೊಳಗೆ ಬಂತು. ಒಂದು ಎಲೆಯನ್ನೂ ಅವಳು ಬಿಡಲಿಲ್ಲ.

ಊಟದ ದಿನ ಮೊದಲ ಪಂಕ್ತಿಯಲ್ಲಿ ಗಂಡಿನ ತಂದೆ ಎಲೆ ತಟ್ಟಿದ. "ಏನಮ್ಮಾ, ಬೀಗರಿಗೆ ಒಂದೇ ಹೋಳಿಗೆಯಾ? ನಾವೇನು ಪಥ್ಯದಲ್ಲಿದ್ದೀವಾ?"

ಪಂಕ್ತಿಯೆಲ್ಲ ನಕ್ಕಿತು. ಅಣ್ಣನೇ ಹೋಳಿಗೆಯ ಬುಟ್ಟಿ ಎತ್ತಿಕೊಂಡು ಓಡಿ ಬಂದ. ಬಳೆಗಾರ್ತಿ ಬುಟ್ಟಿಗೆ ಕೈ ಅಡ್ಡ ಹಿಡಿದಳು.

"ಬೀಗರೇ, ಅನ್ನ ಸಾರು ಬೇಕಾದಷ್ಟು ಇದೆ, ನಿಧಾನಕ್ಕೆ ಊಟ ಮಾಡಿ. ಹೋಳಿಗೆ ಮಾತ್ರ ಎಲೆಗೊಂದೇ. ನೀರು ಹೊತ್ತವರು, ಪಾತ್ರೆ ತೊಳೆದವರು ಇನ್ನೂ ಉಂಡಿಲ್ಲ. ಅವರು ಉಂಡು ಮಿಕ್ಕರೆ ನಿಮಗೆ ನನ್ನ ಕೈಯಾರೆ ಬಡಿಸ್ತೀನಿ."

ನಗು ನಿಂತಿತು. ಗಂಡಿನ ತಂದೆ ಎಲೆಯಿಂದ ಕೈ ತೆಗೆದ. ಅಣ್ಣ ಪಿಸುಗುಟ್ಟಿದ: "ಮಗಳ ಬಾಳು ಕಣೇ, ಬಿಡು."

ಅವಳು ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ಶಾಸ್ತ್ರ ಓದಿದವರನ್ನು ಕಂಡಿದ್ದೇನೆ, ಸಾವಿರ ಎಲೆ ಹಾಕಿಸಿದ ಧಣಿಗಳನ್ನು ಕಂಡಿದ್ದೇನೆ. ಆ ಕೈಗೆ ಮಾತ್ರ ನಾನು ಕೈ ಮುಗಿಯುತ್ತೇನೆ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ, ಗುರುಗಳೇ? ಬೀಗರು ಎದ್ದು ಹೋದರೇ? ತಾಂಬೂಲ ಬದಲಾಯಿತೇ?"

ಗುರುಗಳು ಹೇಳಿದರು: "ಪಾತ್ರೆ ತೊಳೆದವರು ಉಂಡರೇ ಎಂದು ನೀನು ಕೇಳಲಿಲ್ಲ."