ಸೌಟಿನ ಹಲಗೆ

"ಗುರುಗಳೇ, ಮನಸ್ಸಿಟ್ಟು ಮಾಡಿದ ಸೇವೆಗೆ ಒಂದು ಒಳ್ಳೆಯ ಮಾತೂ ಸಿಗದಿದ್ದರೆ ಏನು ಮಾಡಬೇಕು?" ಎಂದು ಶಿಷ್ಯ ನಿರ್ವಾಣಪ್ಪ ಕೇಳಿದ. ಮಠದ ಹಿರಿಯರೊಬ್ಬರ ಆರೈಕೆ ಅವನ ಪಾಲಿಗೆ ಬಂದಿತ್ತು. ಅವರ ಕೋಣೆಯನ್ನು ಅವನು ದಿನವೂ ಕನ್ನಡಿಯಂತೆ ಇಡುತ್ತಿದ್ದ. ಅವರೋ ದಿನವೂ ಗೊಣಗುತ್ತಿದ್ದರು. ಅವನಿಗೆ ಸಾಕುಸಾಕಾಗಿತ್ತು.

ಗುರುಗಳು ನಕ್ಕು, "ಕೂತುಕೋ, ಒಬ್ಬ ಬಡಗಿಯ ಕತೆ ಹೇಳುತ್ತೇನೆ" ಎಂದರು.

ಒಂದೂರಿನಲ್ಲಿ ಒಬ್ಬ ಬಡಗಿ. ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ತುಸು ಜಂಬವೂ ಇತ್ತು. ವಯಸ್ಸಾಗುತ್ತಾ ಅವನ ಹೆಂಡತಿಯ ಕಣ್ಣು ಮಂಜಾಯಿತು. ಅಡುಗೆ ಮಾಡುವಾಗ ಒಂದು ಸೌಟು ಹುಡುಕಿದರೆ ಇನ್ನೊಂದು ಕೈಗೆ ಬರುತ್ತಿತ್ತು. ಸೊಸೆ ಒಳ್ಳೆಯವಳೇ. "ಅತ್ತೆ, ಕೈ ಸುಟ್ಟುಕೊಂಡೀರಿ. ಇನ್ನು ಒಲೆ ನನಗೆ ಬಿಡಿ" ಎಂದಳು. ಹೆಂಡತಿ ಗಂಡನ ಬಳಿ ಬಂದು, "ಒಲೆಯೂ ಹೋದರೆ ಈ ಮನೆಯಲ್ಲಿ ನಾನು ಇದ್ದೂ ಇಲ್ಲದವಳು ಕಣ್ರೀ" ಎಂದು ಅತ್ತಳು.

ಬಡಗಿಯ ಕರುಳು ಚುರ್ ಎಂದಿತು. ಸೌಟುಗಳಿಗೆ ಒಂದು ನೆಲೆ ಮಾಡಿಕೊಟ್ಟರಾಯಿತು ಎಂದುಕೊಂಡ. ಎತ್ತಿಟ್ಟಿದ್ದ ಒಳ್ಳೆಯ ತೇಗ ತೆಗೆದು ಪೆಟ್ಟಿಗೆ ಮಾಡಿದ. ಮೇಲೆ ಸಾಲಾಗಿ ಐದು ತೂತು. ಸೌಟುಗಳ ಹಿಡಿ ಒಂದು ಉದ್ದ, ಒಂದು ಗಿಡ್ಡ ಇದ್ದದ್ದು ಅವನ ಕಣ್ಣಿಗೆ ಒಗ್ಗಲಿಲ್ಲ. ಎಲ್ಲಕ್ಕೂ ಒಂದೇ ಅಳತೆಯ ಮರದ ಹಿಡಿ ಹಾಕಿದ. ಸೌಟಿನ ಬಾಯಿ ಕೆಳಗೆ ಮಾಡಿ ಐದನ್ನೂ ತೂತುಗಳಲ್ಲಿ ಇಳಿಬಿಟ್ಟು, ಪೆಟ್ಟಿಗೆಯನ್ನು ಬಂದವರಿಗೆಲ್ಲ ಕಾಣುವಂತೆ ಒಲೆಯ ಎಡಕ್ಕೆ ಎತ್ತರದಲ್ಲಿಟ್ಟ. ನೆರೆಹೊರೆಯವರು ನೋಡಿ ಬೆರಗಾದರು. ಹೆಂಡತಿಯೂ ಸವರಿ ನೋಡಿ, ನಿಮ್ಮ ಕೈಯೇ ಕೈ ಎಂದಳು. ಬಡಗಿ ಬೀಗಿದ.

ಮರುದಿನ ಅವಳು ಒಗ್ಗರಣೆ ಸೌಟು ಎಂದುಕೊಂಡು ಒಂದನ್ನು ಎಳೆದು, ಒಲೆಯ ಮೇಲೆ ಹಿಡಿದು ಎಣ್ಣೆ ಹಾಕಿದಳು. ಅದು ಜಾಲರಿ ಸೌಟು! ಎಣ್ಣೆಯೆಲ್ಲ ಬೆಂಕಿಗೆ ಸುರಿದು ಉರಿ ಭಗ್ಗೆಂದಿತು. ಪುಣ್ಯಕ್ಕೆ ಸೆರಗಿನ ಅಂಚು ಮಾತ್ರ ಸುಟ್ಟಿತು. ಅಂದೇ ಸೊಸೆ ಒಲೆಯ ಮುಂದೆ ಕೂತಳು. ಹೆಂಡತಿ ಜಗಲಿಯ ಮೂಲೆ ಸೇರಿ, ಊಟಕ್ಕೂ ಏಳಲಿಲ್ಲ.

ಬಡಗಿಗೆ ತನ್ನ ಮೇಲೇ ಸಿಟ್ಟು ಬಂತು. ಹೆಗಲ ಮೇಲಿನ ವಸ್ತ್ರವನ್ನು ಕಣ್ಣಿಗೆ ಬಿಗಿದುಕೊಂಡು, ಒಲೆಯ ಮುಂದೆ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಕೂತ. ಮಾವನಿಗೆ ಅರಳುಮರಳು ಎಂದು ಸೊಸೆ ನಕ್ಕಳು. ನಗಲಿ ಬಿಡು ಎಂದುಕೊಂಡು ಸೌಟುಗಳನ್ನು ತಡಕಾಡಿದ. ಹಿಡಿ ಮುಟ್ಟಿದರೆ ಯಾವುದು ಯಾವುದೆಂದು ತಿಳಿಯಲೇ ಇಲ್ಲ. ಬಾಯಿ ಮುಟ್ಟಿದರೆ ತಟ್ಟನೆ ತಿಳಿಯಿತು. ಅದನ್ನೇ ತಾನು ಪೆಟ್ಟಿಗೆಯೊಳಗೆ ಮುಚ್ಚಿಟ್ಟಿದ್ದ. ಕೈ ತಾನಾಗಿ ಚಾಚಿದ್ದೂ ಬಲಕ್ಕೆ, ಮೊಣಕಾಲಿನ ಎತ್ತರಕ್ಕೆ. ಅಯ್ಯೋ, ಮೂವತ್ತು ವರ್ಷ ಅವಳ ಕೈಯಡುಗೆ ಉಂಡೂ ಇಷ್ಟು ನೋಡಲಿಲ್ಲವಲ್ಲ ಎಂದು ಹಲುಬಿದ.

ಮಿಕ್ಕುಳಿದ ಒಂದು ಮಾವಿನ ಹಲಗೆಯನ್ನು ಕೈ ಚಾಚಿದ ಆ ಜಾಗದಲ್ಲೇ ಗೋಡೆಯಿಂದ ಮುಂದೆ ಚಾಚುವಂತೆ ಅಡ್ಡ ಹೊಡೆದ. ಅಂಗೈಯಷ್ಟು ಎಡೆ ಬಿಟ್ಟು ಐದು ತೂತು ಕೊರೆದ. ಹಿಡಿ ಕೆಳಗೆ, ಬಾಯಿ ಮೇಲೆ. ನಯ ಮಾಡುವಷ್ಟು ತಾಳ್ಮೆ ಇರಲಿಲ್ಲ. ಬಡಗಿಯ ಮನೆಗೆ ಇಂಥ ಹಲಗೆಯೇ ಎಂದು ನೆರೆಯವರು ಮೂಗು ಮುರಿದರು.

ಮರುದಿನ ಹೆಂಡತಿ ಮತ್ತೆ ಒಲೆಯ ಮುಂದೆ ಕೂತಳು. ಬೆರಳು ಒಮ್ಮೆ ಹಲಗೆಯ ಮೇಲೆ ಹರಿದಾಡಿತು. ಒಗ್ಗರಣೆ ಚುಂಯ್ ಎಂದಿತು. ಬಡಿಸಿ, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದಳು. ಬಡಗಿ ಮೂರು ಸಲ ಹಾಕಿಸಿಕೊಂಡು ಉಂಡು, ತೃಪ್ತಿಯಿಂದ ತೇಗಿದ. ಮುಂದೆಯೂ ಆ ಮನೆಯ ಒಲೆ ಅವಳ ಕೈಯಲ್ಲೇ ಉಳಿಯಿತು.

ಕತೆ ಮುಗಿಯಿತು. ನಿರ್ವಾಣಪ್ಪನ ಮುಖ ಅರಳಿತು. "ತಿಳಿಯಿತು ಗುರುಗಳೇ! ಯಾವುದು ಹಿರಿಯರ ಕೈಗೆ ಎಲ್ಲಿ ಬೇಕೋ ನಾನೂ ಅಲ್ಲೇ ಇಡುತ್ತೇನೆ. ಬಡಗಿಯ ಹೆಂಡತಿ ಆ ಹಲಗೆಯನ್ನು ಹೊಗಳಿದ ಹಾಗೆ ಅವರೂ ನನ್ನನ್ನು ಹೊಗಳುತ್ತಾರೆ."

"ಅವಳು ಆ ಹಲಗೆಯನ್ನು ಹೊಗಳಿದಳು ಎಂದು ನಾನೆಲ್ಲಿ ಹೇಳಿದೆನಪ್ಪಾ?" ಎಂದರು ಗುರುಗಳು.