ಫೇಲಾದ ದಿನ ಸಿಹಿ ಹಂಚಿದ ರಾಯಪ್ಪನವರು

ಪೂಜ್ಯ ಸಹೋದರ ರಾಯಪ್ಪನವರು ತಮ್ಮ ಕ್ರೈಸ್ತ ಮಠದ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ, ಅರವತ್ತೇಳನೆಯ ವಯಸ್ಸಿನಲ್ಲಿ ಬೆಂಗಳೂರಿನ ಒಂದು ವಿದ್ಯಾರ್ಥಿ ಕೇಂದ್ರದ ಉಸ್ತುವಾರಿಗೆ ಬಂದರು. ಕೇಂದ್ರವೆಂದರೆ ಹಳೆಯ ಪ್ರಾರ್ಥನಾಮಂದಿರದ ಹಿಂದಿದ್ದ ಒಂದೇ ಕೋಣೆ. ತಗಡಿನ ಮಾಡು, ನಾಲ್ಕು ಬೆಂಚು, ಒಂದು ಕರಿಹಲಗೆ. ಸುತ್ತಲೂ ಕಾಲೇಜುಗಳು, ಕೋಚಿಂಗ್ ಸೆಂಟರುಗಳು, ಹಾಸ್ಟೆಲುಗಳು. ಆ ಬೀದಿಯ ಸಾವಿರಾರು ಮಕ್ಕಳಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಪುರುಸೊತ್ತಿರಲಿಲ್ಲ, ಅಷ್ಟೆ. ಇವರಿಗಿಂತ ಮುಂಚೆ ಅಲ್ಲಿದ್ದ ವಿದ್ವಾಂಸರಾದ ಗುರುಗಳೊಬ್ಬರು ದೇವರ ಅಸ್ತಿತ್ವದ ಬಗ್ಗೆ ಉಪನ್ಯಾಸಮಾಲೆ ಏರ್ಪಡಿಸಿ, ಬೀದಿಯುದ್ದಕ್ಕೂ ಪೋಸ್ಟರ್ ಅಂಟಿಸಿ, ಕೊನೆಗೆ ಮೈಕ್ ಜೋಡಿಸಲು ಬಂದವನೊಬ್ಬನಿಗೆ ಉಪದೇಶ ಮಾಡಿ ಮುಗಿಸಿದ್ದರಂತೆ.

ರಾಯಪ್ಪನವರಿಗೆ ಉಪನ್ಯಾಸ ಬಾರದು. ಏಳನೆಯ ತರಗತಿಗೇ ಶಾಲೆ ಬಿಟ್ಟವರು ಅವರು. ತಮ್ಮಲ್ಲಿರುವುದು ಯೇಸುಸ್ವಾಮಿಯೊಬ್ಬರೇ, ಈ ಮಕ್ಕಳು ಅವರನ್ನು ಕೇಳುತ್ತಿಲ್ಲ, ಹಾಗಾದರೆ ಮಕ್ಕಳಲ್ಲಿರುವುದನ್ನು ತಾವೇ ಮೊದಲು ಕೇಳಿ ಪಡೆಯುವುದು ಸರಿ ಎಂದು ಮೂರು ದಿನ ಪ್ರಾರ್ಥಿಸಿ ತೀರ್ಮಾನಿಸಿದರು. ನಾಲ್ಕನೆಯ ದಿನ ಬಾಗಿಲಲ್ಲಿ ಒಂದು ರಟ್ಟು ತೂಗಿತು: "ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುವವರು ಬೇಕಾಗಿದ್ದಾರೆ. ವಿದ್ಯಾರ್ಥಿಯ ವಯಸ್ಸು 67."

ಆ ರಟ್ಟನ್ನು ನೋಡಿ ನಕ್ಕವರು ಬಹಳ ಮಂದಿ. ಒಳಗೆ ಬಂದವರು ಕೆಲವರು. ಅವರಲ್ಲಿ ನಿಸರ್ಗಾ ಎಂಬ ಹುಡುಗಿ ಮಾತ್ರ ಹೇಳಿಕೊಡಲೆಂದು ಬಂದವಳಲ್ಲ, ಜಗಳಕ್ಕೆ ಬಂದವಳು. ಹೊಸದುರ್ಗದವಳು, ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ತಂದೆ ಬಸವಣ್ಯಪ್ಪ ಮೇಷ್ಟ್ರು ನಿವೃತ್ತ ಶಿಕ್ಷಕರು, ಮನೆಯಲ್ಲಿ ದೇವರ ಕೋಣೆಯ ಜಾಗದಲ್ಲಿ ಪುಸ್ತಕದ ಕಪಾಟು ಇಟ್ಟವರು. ಮುದುಕರ ಸೋಗಿನ ಹಿಂದೆ ಮತಪ್ರಚಾರದ ಉಪಾಯವಿದೆಯೆಂದು ಅವಳಿಗೆ ಖಾತ್ರಿಯಿತ್ತು. ಬಾಗಿಲಲ್ಲೇ ನಿಂತು ಕೇಳಿಬಿಟ್ಟಳು.

"ಇದು ಬಲೆ ತಾನೇ ಬ್ರದರ್? ಲೆಕ್ಕ ಅಂತ ಕರೆದು ಬೈಬಲ್ ಕೈಗಿಡೋದು?"

ರಾಯಪ್ಪನವರು ಸ್ವಲ್ಪವೂ ಬೇಸರಿಸದೆ, "ಬೈಬಲ್ ಕೇಳಿದರೆ ಸಂತೋಷವಾಗಿ ಕೊಡ್ತೀನಿ ತಾಯಿ. ಕೇಳದಿದ್ದರೆ ಲೆಕ್ಕ ಹೇಳಿಕೊಡಿ. ನನಗೆ ಅದು ನಿಜವಾಗಲೂ ಬರಲ್ಲ," ಎಂದರು.

ನಿಜವಾಗಲೂ ಬರುತ್ತಿರಲಿಲ್ಲ. ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನಸಂಖ್ಯೆ ಹೇಗಾಗುತ್ತದೆಂದು ಅವರು ಕೇಳಿದರು. ಅದು ನಿಯಮ ಎಂದಳು ಅವಳು. ನಿಯಮ ಮಾಡಿದವರಿಗೆ ಏನಾದರೂ ಕಾರಣ ಇದ್ದಿರಬೇಕಲ್ಲ ಎಂದರು ಅವರು. ಆ ಕಾರಣವನ್ನು ವಿವರಿಸುವುದರಲ್ಲಿ ಮೂರು ಗುರುವಾರದ ಸಂಜೆಗಳು ಕಳೆದವು. ಮೂರನೆಯ ಗುರುವಾರ ವಿಷಯ ತಲೆಗೆ ಹೋದಾಗ ಪೂಜ್ಯರು ಬೆಂಚಿನಿಂದೆದ್ದು ಚಪ್ಪಾಳೆ ತಟ್ಟಿ, ಶಿಲುಬೆಯ ಗುರುತು ಹಾಕಿಕೊಂಡು, ದೇವರೇ ನಿನಗೆ ಸ್ತೋತ್ರ ಎಂದರು. ಗಣಿತ ಕಲಿತು ದೇವರಿಗೆ ಧನ್ಯವಾದ ಹೇಳಿದವರನ್ನು ನಿಸರ್ಗಾ ಅದುವರೆಗೆ ನೋಡಿರಲಿಲ್ಲ. ಸಂಚು ಹುಡುಕಲು ಬಂದವಳು ವಾರವಾರವೂ ಬರತೊಡಗಿದಳು. ರಾಯಪ್ಪನವರು ಅವಳನ್ನು "ಟೀಚರ್" ಎಂದೇ ಕರೆದರು. ಅಷ್ಟು ದಿನಗಳಲ್ಲಿ ತಾವಾಗಿ ಒಮ್ಮೆಯೂ ಧರ್ಮದ ಮಾತೆತ್ತಲಿಲ್ಲ. ಕೇಳಿದವರಿಗೆ ಮಾತ್ರ ಎರಡು ಮಾತಿನಲ್ಲಿ ಉತ್ತರಿಸುತ್ತಿದ್ದರು.

ಏಪ್ರಿಲಿನಲ್ಲಿ ಅವರು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂತರು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ನೂರಕ್ಕೆ ಇಪ್ಪತ್ತೆರಡು.

ಅದನ್ನು ಮೊಬೈಲಿನಲ್ಲಿ ನೋಡಿದ ನಿಸರ್ಗಾಳಿಗೆ ಊಟ ಸೇರಲಿಲ್ಲ. ಅದಕ್ಕೆ ಕಾರಣ ಮುದುಕರ ಅಂಕಗಳಷ್ಟೇ ಅಲ್ಲ. ಕಳೆದ ಎರಡು ಸೆಮಿಸ್ಟರುಗಳಿಂದ ಅವಳೇ ಎರಡು ವಿಷಯಗಳಲ್ಲಿ ಅನುತ್ತೀರ್ಣಳಾಗಿದ್ದಳು. ಊರಿಗೆಲ್ಲ ಮಗಳ ರ‍್ಯಾಂಕಿನ ಸುದ್ದಿ ಹೇಳಿಕೊಂಡಿದ್ದ ಅಪ್ಪನಿಗೆ ಫಸ್ಟ್ ಕ್ಲಾಸ್ ಎಂದು ಸುಳ್ಳು ಹೇಳಿದ್ದಳು. ಮುಂದಿನ ತಿಂಗಳು ಘಟಿಕೋತ್ಸವ ನೋಡಲು ಅವರು ಹೊಸ ಪಂಚೆ ಕೊಂಡಿಟ್ಟುಕೊಂಡು ಕಾದಿದ್ದರು. ಈ ಬೀದಿಯಲ್ಲಿ ಫೇಲಾದೆ ಎಂದು ಬಾಯಿಬಿಟ್ಟು ಹೇಳಿದ ಒಬ್ಬರನ್ನೂ ಅವಳು ಕಂಡಿರಲಿಲ್ಲ.

ಪೂಜ್ಯರನ್ನು ಸಮಾಧಾನಪಡಿಸಲೆಂದು ಹೋದರೆ, ಬಾಗಿಲಲ್ಲಿ ಹೊಸ ರಟ್ಟು: "ರಾಯಪ್ಪ ಗಣಿತದಲ್ಲಿ ಫೇಲ್. ಸಂಜೆ ಐದಕ್ಕೆ ಸಿಹಿ ಹಂಚಲಾಗುವುದು. ಎಲ್ಲರೂ ಬನ್ನಿ."

ಎಲ್ಲರೂ ಬಂದರು. ದೇವರಿದ್ದಾರೆಯೇ ಎಂಬ ಉಪನ್ಯಾಸಕ್ಕೆ ಬಾರದ ಬೀದಿ, ಫೇಲಾದವರ ಕೈಯ ಗಸಗಸೆ ಪಾಯಸ ಕುಡಿಯಲು ಅಂಗಳ ತುಂಬ ನೆರೆಯಿತು. ಮೂವತ್ತೊಂದು ವರ್ಷ ಸೌಟು ಹಿಡಿದ ಕೈ ಮಾಡಿದ ಪಾಯಸವೂ ಸಾಲದಾಯಿತು. ಗುಂಪು ಕರಗಿದ ಮೇಲೆ, ಲೋಟ ತೊಳೆಯುತ್ತಿದ್ದ ಪೂಜ್ಯರ ಬಳಿ ನಿಸರ್ಗಾ ಹೋಗಿ, ನಾಚಿಕೆ ಆಗಲಿಲ್ಲವೇ ಎಂದು ಕೇಳಿದಳು.

"ಆಯ್ತು ತಾಯಿ," ಎಂದರು ಅವರು. "ಬೆಳಿಗ್ಗೆ ಯೇಸುಸ್ವಾಮಿಯ ಮುಂದೆ ಕೂತು ಹೇಳಿಕೊಂಡೆ. ನನ್ನನ್ನು ಸೇವೆಗೆ ಕರೆದಾಗ ಅಂಕಪಟ್ಟಿ ಕೇಳದವರು ಈಗ ಕೇಳ್ತಾರಾ?"

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಅಳು ಒತ್ತರಿಸಿತು. ಎಂಟು ತಿಂಗಳಿಂದ ಒಬ್ಬಳೇ ಹೊತ್ತಿದ್ದುದನ್ನೆಲ್ಲ ಆ ತೊಳೆಯುವ ಕಲ್ಲಿನ ಪಕ್ಕದಲ್ಲೇ ಇಳಿಸಿದಳು. ಪೂಜ್ಯರು ಬುದ್ಧಿ ಹೇಳಲಿಲ್ಲ. ಕೈ ಒರೆಸಿಕೊಂಡು, "ಅಪ್ಪನಿಗೆ ಫೋನ್ ಮಾಡಿ ಟೀಚರ್. ನಾನು ಪಕ್ಕದಲ್ಲೇ ಕೂತಿರ್ತೀನಿ," ಎಂದರು.

ಅವಳು ಎಲ್ಲವನ್ನೂ ಹೇಳಿ ಮುಗಿಸಿದಳು. ಆಮೇಲೆ ಬಸವಣ್ಯಪ್ಪ ಮೇಷ್ಟ್ರ ದನಿ ಕೇಳಿಸಿತು: "ಊಟ ಆತೇನವ್ವಾ?"

ಮುಂದಿನ ಗುರುವಾರ, ನಿಮ್ಮನ್ನು ಕರೆದವರು ಯಾರು, ಎಂಥವರು ಎಂದು ಅವಳೇ ಕೇಳಿದಳು. ರಾಯಪ್ಪನವರು ಶುಭಸಂದೇಶ ತೆರೆದು ಪೇತ್ರರ ಕಥೆ ಹೇಳಿದರು. ಪೇತ್ರರನ್ನೇ ಇಲ್ಲಿನ ಹಳೆಯ ಕ್ರೈಸ್ತರು ರಾಯಪ್ಪ ಎನ್ನುತ್ತಿದ್ದರು, ತಮ್ಮದೂ ಅದೇ ಹೆಸರು ಎಂದು ನಕ್ಕರು. ಯೇಸುಸ್ವಾಮಿಯನ್ನು ಬಲ್ಲೆನೆಂದು ಹೇಳಲು ಹೆದರಿ ಮೂರು ಸಲ ಸುಳ್ಳಾಡಿದ ಆ ಶಿಷ್ಯನಿಗಾಗಿ, ಮರಣದಿಂದ ಎದ್ದುಬಂದ ಪ್ರಭು ಸರೋವರದ ದಡದಲ್ಲಿ ಕೆಂಡ ಮಾಡಿ ಮೀನು ಸುಟ್ಟು ಕಾದಿದ್ದರು. ಏಕೆ ಸೋತೆ ಎಂದು ಕೇಳಲಿಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂದಷ್ಟೇ ಕೇಳಿದರು. ನಿಸರ್ಗಾ ಆ ಪುಟವನ್ನು ತಾನೇ ಮತ್ತೊಮ್ಮೆ ಓದಿದಳು.

ಅವಳು ಪರೀಕ್ಷೆ ಮತ್ತೆ ಬರೆದು ಪಾಸಾದಳು. ದೀಕ್ಷಾಸ್ನಾನ ಬೇಕೆಂದಾಗ ಪೂಜ್ಯರು ಅವಸರಪಡಿಸಲಿಲ್ಲ. ಮೊದಲು ಅಪ್ಪನೊಡನೆ ಮಾತಾಡಿ ಎಂದು ಎರಡು ವರ್ಷ ಕಾಯಿಸಿದರು. ಈಸ್ಟರ್ ಭಾನುವಾರ ಬೆಳಿಗ್ಗೆ ಗುರುಗಳು ಅವಳ ತಲೆಯ ಮೇಲೆ ನೀರು ಸುರಿದಾಗ, ಹಿಂದಿನ ಸಾಲಿನಲ್ಲಿ ಮೇಷ್ಟ್ರು ಕೈಕಟ್ಟಿ ಕೂತಿದ್ದರು. ತಮಗೆ ಒಪ್ಪಿಗೆಯಾಗದ ಅಂಶಗಳ ಪಟ್ಟಿ ಜೇಬಿನಲ್ಲಿತ್ತು. ಪೂಜೆಯ ನಂತರ ಇಬ್ಬರು ಹಿರಿಯರೂ ಮಧ್ಯಾಹ್ನದ ಊಟದವರೆಗೆ ಅದನ್ನೇ ಚರ್ಚಿಸಿ, ಒಳ್ಳೆಯ ಸ್ನೇಹಿತರಾದರು.

ಆ ವರ್ಷ ಜೂನಿನಲ್ಲಿ, ಹೊಸದಾಗಿ ಬಂದ ವಿದ್ಯಾರ್ಥಿಯೊಬ್ಬ ಬೆಂಚಿನ ತುದಿಗೆ ಕೂತು, ಈ ನಿಮ್ಮ ಯೇಸು ಯಾರು ಸಾರ್ ಎಂದು ಸ್ವಲ್ಪ ಸವಾಲಿನ ದನಿಯಲ್ಲೇ ಕೇಳಿದ. ಎಲ್ಲರೂ ರಾಯಪ್ಪನವರ ಕಡೆ ನೋಡಿದರು. ಅವರು ನಸುನಕ್ಕು, "ಟೀಚರ್ ಹೇಳ್ತಾರೆ," ಎಂದು ಕರಿಹಲಗೆಯ ಹತ್ತಿರದಿಂದ ಸರಿದು ಕೂತರು.

ನಿಸರ್ಗಾ ಎದ್ದು ನಿಂತಳು.

"ನಾನು ಫೇಲಾಗಿದ್ದೆ," ಎಂದಳು. "ಆಗ ಬಂದು ನನ್ನ ಪಕ್ಕದಲ್ಲಿ ಕೂತವರು."